ಅಜ್ಜ ಬಿಟ್ಟುಹೋದ ‘ತ್ರೀ ನಾಟ್ ತ್ರೀ’: ಗುರುತು, ಕಾನೂನು, ಬೆಲೆ

ಸೈನ್ಯದಲ್ಲೋ ಪೊಲೀಸಿನಲ್ಲೋ ಇದ್ದ ಹಿರಿಯರು ತೀರಿಕೊಂಡ ಮೇಲೆ ಅಟ್ಟದ ಪೆಟ್ಟಿಗೆಯಲ್ಲಿ, ಬೀರುವಿನ ಹಿಂದೆ, ಒಳಕೋಣೆಯ ಗೋಡೆಯ ಗೂಟದಲ್ಲಿ ಒಂದು ಹಳೆಯ ರೈಫಲ್ ಉಳಿದುಬಿಡುವುದುಂಟು. ಮನೆಯವರು ಅದನ್ನು ‘ಅಜ್ಜನ ಕೋವಿ’ ಎಂದೇ ಕರೆಯುತ್ತಾರೆ. ತಿಥಿ ಕಳೆದು ಆಸ್ತಿಯ ಮಾತು ಬಂದಾಗ ಎರಡು ಪ್ರಶ್ನೆ ಏಳುತ್ತವೆ. ಇದು ಯಾವ ಕೋವಿ? ಎಷ್ಟು ಬೆಲೆ ಬಾಳುತ್ತದೆ? ಎರಡಕ್ಕೂ ಉತ್ತರ ಬಹುಪಾಲು ಕೋವಿಯ ಮೈಮೇಲೆಯೇ ಇರುತ್ತದೆ. ಅಕ್ಷರ, ಅಂಕಿ, ಕಿರೀಟ, ಬಾಣದ ಗುರುತುಗಳಾಗಿ ಅದನ್ನು ಕಬ್ಬಿಣಕ್ಕೆ ಒತ್ತಿರುತ್ತಾರೆ. ಆದರೆ ಅವನ್ನು ಓದಲು ಕೂರುವ ಮೊದಲು ಇತ್ಯರ್ಥವಾಗಬೇಕಾದ ಮೂರನೆಯ ಪ್ರಶ್ನೆಯೊಂದಿದೆ. ಇವತ್ತಿನ ದಿನ ಈ ಕೋವಿ ಯಾರ ಹೆಸರಿನಲ್ಲಿದೆ?

ಲೈಸನ್ಸ್ ವ್ಯಕ್ತಿಗೆ ಸಿಕ್ಕಿದ್ದು, ಮನೆಗಲ್ಲ. ಲೈಸನ್ಸುದಾರರು ತೀರಿಕೊಂಡ ಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ಮಕ್ಕಳಿಗೆ ತಾನಾಗಿ ಬರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಬೇಕು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಕೊಟ್ಟು ರಸೀದಿ ತರುವ ಅಭ್ಯಾಸವಿರುವ ಊರುಗಳಲ್ಲಿ ಇದು ಹೊಸ ಸಂಗತಿಯಲ್ಲ. ಆದರೂ ಸಾವಿನ ಮನೆಯ ಗಡಿಬಿಡಿಯಲ್ಲಿ ಎಷ್ಟೋ ಮಂದಿ ಇದನ್ನು ಮರೆಯುತ್ತಾರೆ. ವರ್ಷಗಳ ಮೇಲೆ ನೆನಪಾದಾಗ ಹೆದರಿ ಸುಮ್ಮನಾಗುತ್ತಾರೆ. ಸುಮ್ಮನಾದಷ್ಟೂ ತೊಡಕು ಬೆಳೆಯುತ್ತದೆ.

ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ. ಕೋವಿಯನ್ನು ನೀವೇ ತರಬೇಕೋ, ಅವರೇ ಬಂದು ಒಯ್ಯುತ್ತಾರೋ ಕೇಳಿ. ಲೈಸನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಒಂದು ಅರ್ಜಿ ಜೊತೆಗಿರಲಿ. ಕೊಡುವ ರಸೀದಿಯಲ್ಲಿ ಕೋವಿಯ ನಂಬರು, ಅದರ ಜಾತಿ, ತೋಟಾಗಳ ಸಂಖ್ಯೆ ಮೂರೂ ನಮೂದಾಗಿವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಆಮೇಲೆ ವಾರಸುದಾರರಲ್ಲಿ ಒಬ್ಬರು, ಉಳಿದವರ ಒಪ್ಪಿಗೆ ಪತ್ರದೊಂದಿಗೆ, ತಮ್ಮ ಹೆಸರಿಗೆ ಲೈಸನ್ಸ್ ಕೇಳಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಇನ್ನೂ ಒಂದು ಅನುಕೂಲವಿದೆ. ಲೈಸನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಅವರು ಆ ಕೋವಿಯನ್ನು 25 ವರ್ಷ ಇಟ್ಟುಕೊಂಡಿದ್ದರೆ, ಅವರು ಬದುಕಿರುವಾಗಲೇ ಅದು ವಾರಸುದಾರರ ಹೆಸರಿಗೆ ಹೋಗಲು ದಾರಿಯಿದೆ. ಹಿರಿಯರು ಕಣ್ಣೆದುರಿಗೆ ಇರುವಾಗಲೇ ಈ ಕೆಲಸ ಮುಗಿಸುವುದು ಎಲ್ಲಕ್ಕಿಂತ ಮೇಲು. ಒಂದು ಮಿತಿಯನ್ನೂ ನೆನಪಿಡಬೇಕು. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ. ವಂಶಪಾರಂಪರ್ಯವಾಗಿ ಬಂದದ್ದೂ ಆ ಎರಡರ ಲೆಕ್ಕಕ್ಕೇ ಸೇರುತ್ತದೆ.

ಕೊಡಗಿನ ಮಾತು ಸ್ವಲ್ಪ ಬೇರೆ. 1861ರಿಂದ ನಡೆದುಬಂದ ವಿನಾಯಿತಿಯಂತೆ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಲೈಸನ್ಸ್ ಬೇಡ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ವಿನಾಯಿತಿ ಪತ್ರವಿದೆ ಎಂದಮಾತ್ರಕ್ಕೆ ಸೈನ್ಯದ ರೈಫಲ್ ಕೂಡ ಅದರೊಳಗೆ ಸೇರಿತು ಎಂದುಕೊಳ್ಳುವುದು ಅಪಾಯ. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ಒಳಗೆ ತೋಟಾ ಇದೆಯೇ?

ಗುರುತು ಹುಡುಕುವ ಮುನ್ನ ಕೋವಿ ಖಾಲಿಯಿದೆಯೆಂದು ಖಚಿತವಾಗಬೇಕು. ನಲವತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಎನ್ನುವುದು ಖಾಲಿಯಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ. ಬಳಸಿ ಗೊತ್ತಿಲ್ಲದವರು ಮುಟ್ಟದೆ ಬಲ್ಲವರನ್ನು ಕರೆಯಲಿ. ಊರಿನಲ್ಲಿ ನಿವೃತ್ತ ಸೈನಿಕರೊಬ್ಬರು ಸಿಗುವುದು ಕಷ್ಟವಲ್ಲ. ನಳಿಗೆಯ ಬಾಯಿ ಯಾರಿರದ ಕಡೆಗೆ ಇರಲಿ, ಬೆರಳು ಕುದುರೆಯ ಹತ್ತಿರ ಹೋಗದಿರಲಿ. ಲೀ ಎನ್‌ಫೀಲ್ಡ್ ಜಾತಿಯ ರೈಫಲ್ ಆದರೆ ಕುದುರೆಯ ಬಳೆಯೊಳಗೆ ಮುಂಭಾಗದಲ್ಲಿ ಒಂದು ಸಣ್ಣ ನಾಲಿಗೆಯಿರುತ್ತದೆ. ಅದನ್ನು ಒತ್ತಿದರೆ ಹತ್ತು ತೋಟಾ ಹಿಡಿಯುವ ಮ್ಯಾಗಜಿನ್ ಕಳಚಿ ಕೈಗೆ ಬರುತ್ತದೆ. ಆಮೇಲೆ ಬೋಲ್ಟನ್ನು ಮೇಲೆತ್ತಿ ಹಿಂದಕ್ಕೆಳೆದು ತೋಟಾ ಕೂರುವ ಜಾಗವನ್ನು ಟಾರ್ಚ್ ಬಿಟ್ಟು ಕಣ್ಣಾರೆ ನೋಡಬೇಕು. ಮ್ಯಾಗಜಿನ್ ತೆಗೆದರೂ ನಳಿಗೆಯಲ್ಲಿ ಒಂದು ತೋಟಾ ಉಳಿದಿರಬಹುದು, ಅಪಘಾತಗಳು ಆಗುವುದು ಆ ಒಂದರಿಂದಲೇ. ಬೋಲ್ಟ್ ತುಕ್ಕು ಹಿಡಿದು ಕದಲದಿದ್ದರೆ ಸುತ್ತಿಗೆಯಿಂದ ಬಡಿಯಬೇಡಿ, ಹಾಗೆಯೇ ಬಿಡಿ.

ಪೆಟ್ಟಿಗೆಯಲ್ಲಿ ಬಿಡಿ ತೋಟಾಗಳು ಸಿಕ್ಕರೆ ಅವೂ ಲೈಸನ್ಸಿನ ವಸ್ತುವೇ. ತೋಟಾದ ತಳದಲ್ಲಿ ಇಂಗ್ಲಿಷಿನ ‘ಕೆ’, ‘ಎಫ್’ ಅಕ್ಷರಗಳೂ ನಡುವೆ ಒಂದು ಬಾಣವೂ ಇದ್ದರೆ ಅದು ಪುಣೆ ಬಳಿಯ ಖಡ್ಕಿ ಕಾರ್ಖಾನೆಯದು. ಪಕ್ಕದ ಅಂಕಿಯಿಂದ ತಯಾರಾದ ವರ್ಷ ತಿಳಿಯುತ್ತದೆ. ಗುರುತು ಬರೆದುಕೊಂಡು ತೋಟಾಗಳನ್ನು ಕೋವಿಯ ಜೊತೆಗೇ ಠಾಣೆಗೆ ಒಪ್ಪಿಸಿ. ಹಾರುತ್ತದೋ ಇಲ್ಲವೋ ಎಂದು ತೋಟದಲ್ಲಿ ಒಂದು ಈಡು ಹೊಡೆದು ನೋಡುವ ಚಪಲ ಬೇಡವೇ ಬೇಡ. ಹಳೆಯ ಮದ್ದು, ಸವೆದ ಬೋಲ್ಟ್, ತುಕ್ಕು ತಿಂದ ನಳಿಗೆ ಮೂರೂ ಕೂಡಿದರೆ ಹೊಡೆದವರ ಮುಖವೇ ಹೋದೀತು.

ಮೈಮೇಲಿನ ಬರಹ

ನಮ್ಮ ಕಡೆ ಸಿಗುವ ಸೈನ್ಯದ ರೈಫಲ್ ಎಂದರೆ ಬಹುಮಟ್ಟಿಗೆ ಲೀ ಎನ್‌ಫೀಲ್ಡ್, ಅಂದರೆ ಜನರ ಬಾಯಲ್ಲಿ ‘ತ್ರೀ ನಾಟ್ ತ್ರೀ’. ನಳಿಗೆಯ ಒಳ ಅಗಲ .303 ಇಂಚು, ಸುಮಾರು 7.7 ಮಿಲಿಮೀಟರ್. ಮೊದಲನೆಯ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಹೊತ್ತದ್ದು ಇದನ್ನೇ. ಎರಡನೆಯದರಲ್ಲೂ ಇದೇ. ಮೊನ್ನೆಮೊನ್ನೆಯವರೆಗೂ ಪೊಲೀಸರ ಹೆಗಲ ಮೇಲಿದ್ದದ್ದೂ ಇದೇ ಮನೆತನದ ಕೋವಿ.

ಇದರಲ್ಲಿ ಎರಡು ಮುಖ್ಯ ಬಗೆಗಳು. ದೂರದಿಂದಲೇ ಬೇರೆ ಮಾಡಬಹುದು. 1907ರಲ್ಲಿ ಬಂದ ಮಾರ್ಕ್ 3ರ ಮುಂತುದಿಯಲ್ಲಿ ಮೊಂಡು ಮೂತಿಯಂಥ ಕಬ್ಬಿಣದ ಟೋಪಿಯಿದ್ದು ನಳಿಗೆ ಅದರಿಂದ ಹೊರಗೆ ಚಾಚುವುದೇ ಇಲ್ಲ ಎನ್ನಬಹುದು. ಗುರಿ ನೋಡುವ ಹಿಂಗಣ್ಣು ಬೋಲ್ಟಿಗಿಂತ ಮುಂದೆ, ನಳಿಗೆಯ ಮೇಲೆ ಕೂತಿರುತ್ತದೆ. ಎರಡನೆಯ ಮಹಾಯುದ್ಧದ ನಂಬರ್ 4 ರೈಫಲ್‌ನಲ್ಲಿ ನಳಿಗೆ ಮರದಿಂದ ಒಂದಿಷ್ಟು ಹೊರಗೆ ಚಾಚಿರುತ್ತದೆ, ಹಿಂಗಣ್ಣು ಬೋಲ್ಟಿನ ಹಿಂದೆ, ಹೊಡೆಯುವವನ ಕಣ್ಣಿನ ಹತ್ತಿರ ಇರುತ್ತದೆ.

ಈಗ ಬರಹ ನೋಡೋಣ. ಮಾರ್ಕ್ 3 ಆದರೆ ಬೋಲ್ಟಿನ ಹಿಡಿಯ ಕೆಳಗೆ, ಹಿಂಬದಿಯ ಮರ ಬಂದು ಸೇರುವ ಕಬ್ಬಿಣದ ಕುತ್ತಿಗೆಯ ಬಲಮಗ್ಗುಲನ್ನು ನೋಡಿ. ಟಾರ್ಚನ್ನು ನೇರವಾಗಿ ಬಿಡದೆ ಅಡ್ಡಡ್ಡ ಓರೆಯಾಗಿ ಹಿಡಿದರೆ ಸವೆದ ಅಕ್ಷರಗಳೂ ನೆರಳು ಮೂಡಿಸಿ ಎದ್ದು ಕಾಣುತ್ತವೆ. ಮೇಲಿನಿಂದ ಕೆಳಕ್ಕೆ ಒಂದು ಕಿರೀಟ, ರಾಜನ ಅಂಕಿತಾಕ್ಷರ, ಕಾರ್ಖಾನೆಯ ಹೆಸರು, ವರ್ಷ, ಕೊನೆಗೆ ಮಾದರಿಯ ಹೆಸರು ಇರುತ್ತದೆ. ‘ಎನ್‌ಫೀಲ್ಡ್’, ‘ಬಿಎಸ್‌ಎ ಕಂಪನಿ’, ‘ಎಲ್‌ಎಸ್‌ಎ ಕಂಪನಿ’ ಎಂದಿದ್ದರೆ ಇಂಗ್ಲೆಂಡಿನದು, ‘ಲಿತ್‌ಗೋ’ ಎಂದಿದ್ದರೆ ಆಸ್ಟ್ರೇಲಿಯಾದ್ದು. ‘ಇಶಾಪುರ್’ ಅಥವಾ ‘ಆರ್‌ಎಫ್‌ಐ’ ಎಂದಿದ್ದರೆ ಬಂಗಾಳದ ನಮ್ಮದೇ ಕಾರ್ಖಾನೆಯದು. ಇಶಾಪುರದಲ್ಲಿ ತಯಾರಾದವುಗಳ ಮೇಲೆ ‘ಜಿಆರ್‌ಐ’ ಎಂದು ಮೂರು ಅಕ್ಷರ ಕಾಣಬಹುದು. ಕೊನೆಯ ಅಕ್ಷರ ಜಾರ್ಜ್ ದೊರೆ ಚಕ್ರವರ್ತಿಯೂ ಹೌದೆಂದು ಸಾರುವುದಕ್ಕೆ. ಸ್ವಾತಂತ್ರ್ಯಾನಂತರದವುಗಳಲ್ಲಿ ಕಿರೀಟ ಹೋಗಿ ಆ ಜಾಗಕ್ಕೆ ಅಶೋಕನ ಸಿಂಹ ಬಂದಿದೆ. ನಂಬರ್ 4 ಆದರೆ ಎಡಮಗ್ಗುಲು ನೋಡಬೇಕು. ಕೆನಡಾದ ಲಾಂಗ್ ಬ್ರಾಂಚ್, ಅಮೆರಿಕದ ಸ್ಯಾವೇಜ್ ಕಾರ್ಖಾನೆಗಳಲ್ಲೂ ಇದನ್ನು ಮಾಡಿದ್ದಾರೆ.

ಬಾಣದ ಗುರುತೂ ಮಾತಾಡುತ್ತದೆ. ಅಗಲ ತಲೆಯ ಬಾಣ ಬ್ರಿಟಿಷ್ ಸರ್ಕಾರದ ಸ್ವತ್ತೆಂಬ ಮುದ್ರೆ. ಜೊತೆಗೆ ‘ಐ’ ಅಕ್ಷರವಿದ್ದರೆ ಭಾರತ ಸರ್ಕಾರದ್ದು. ಎರಡು ಬಾಣಗಳು ಮುಖಕ್ಕೆ ಮುಖ ಕೊಟ್ಟು ನಿಂತಿದ್ದರೆ ಸೈನ್ಯ ಆ ಕೋವಿಯನ್ನು ಅಧಿಕೃತವಾಗಿ ಮಾರಿ ಕೈತೊಳೆದುಕೊಂಡಿದೆ ಎಂದರ್ಥ. ಸೈನ್ಯದ ಕೋವಿ ಮನೆಗೆ ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ತೋರಿಸಲು ಅದೊಂದು ಆಧಾರ. ‘ಡಿಪಿ’ ಎಂದು ಒತ್ತಿದ್ದರೆ ಅದು ಕವಾಯತಿಗಷ್ಟೇ ಉಳಿದ, ಗುಂಡು ಹಾರಿಸಲು ಯೋಗ್ಯವಲ್ಲದ ಕೋವಿ. ‘ಎಫ್‌ಟಿಆರ್’ ಮತ್ತು ಒಂದು ವರ್ಷ ಇದ್ದರೆ ಆ ವರ್ಷ ಕಾರ್ಖಾನೆಗೆ ಹೋಗಿ ಪೂರ್ತಿ ದುರಸ್ತಿಯಾಗಿ ಬಂದಿದೆ. ಮುಂಭಾಗದ ಮರಕ್ಕೆ ತಂತಿ ಬಿಗಿದು ಸುತ್ತಿದ್ದರೆ ಯಾರೋ ಒಡಕಿಗೆ ಹಾಕಿದ ತೇಪೆ ಎಂದು ಬಿಚ್ಚಬೇಡಿ. ಗ್ರೆನೇಡ್ ಎಸೆಯುವುದಕ್ಕೆ ನಳಿಗೆ ಗಟ್ಟಿಯಾಗಲೆಂದು ಸೈನ್ಯವೇ ಸುತ್ತಿದ ತಂತಿ ಅದು.

ನಳಿಗೆಯೊಳಗೂ ಇಣುಕಬೇಕು. ಬೋಲ್ಟ್ ತೆಗೆದು, ತೋಟಾ ಕೂರುವ ಕಡೆ ಬಿಳಿ ಕಾಗದ ಹಿಡಿದು, ಇನ್ನೊಂದು ತುದಿಯಿಂದ ನೋಡಿದರೆ ಸುರುಳಿ ಗೆರೆಗಳು ಕಾಣುತ್ತವೆ. ಎನ್‌ಫೀಲ್ಡ್ ನಳಿಗೆಯಲ್ಲಿ ಸಾಮಾನ್ಯವಾಗಿ ಐದು ಗೆರೆ, ಎಡಕ್ಕೆ ತಿರುವು. ಯುದ್ಧದ ಆತುರದಲ್ಲಿ ಮಾಡಿದ ಕೆಲವು ನಂಬರ್ 4ಗಳಲ್ಲಿ ಎರಡೇ ಗೆರೆ. ಗೆರೆಗಳೇ ಇಲ್ಲದೆ ನಳಿಗೆ ನುಣುಪಾಗಿದ್ದು, ಮ್ಯಾಗಜಿನ್ ಇರಬೇಕಾದ ಜಾಗಕ್ಕೆ ಮರದ ತುಂಡು ತುರುಕಿದ್ದರೆ ಅದು ರೈಫಲ್ ಅಲ್ಲ, .410 ಮಸ್ಕೆಟ್. ಬ್ರಿಟಿಷರು ಹಳೆಯ ರೈಫಲ್‌ಗಳ ನಳಿಗೆ ಕೊರೆದು, ಒಂದು ಸಲಕ್ಕೆ ಒಂದೇ ಈಡು ಹೊಡೆಯುವಂತೆ ಮಾಡಿ, ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟದ್ದು ಇದನ್ನೇ.

ಅದೇ ಮೈ, ಬೇರೆ ಜಾತಿ

ಇಲ್ಲಿ ಬಹಳ ಮಂದಿ ಎಡವುತ್ತಾರೆ. ನೋಡಲು ಥೇಟ್ ತ್ರೀ ನಾಟ್ ತ್ರೀ, ಆದರೆ ನಳಿಗೆಯ ಬುಡದಲ್ಲಿ ‘.315’ ಅಥವಾ ‘8 ಎಂಎಂ’ ಎಂದಿರುತ್ತದೆ. ಸೈನ್ಯದ ತೋಟಾ ಜನರ ಕೈಯಲ್ಲಿರುವ ಕೋವಿಗೆ ಹಿಡಿಸಬಾರದು ಎನ್ನುವುದು ಬ್ರಿಟಿಷರ ಕಾಲದಿಂದ ಬಂದ ನೀತಿ. ಅದಕ್ಕಾಗಿಯೇ ಸಾರ್ವಜನಿಕರಿಗೆ ಮಾರಲು .315ರಂಥ ಬೇರೆ ಅಳತೆಯ ಕೋವಿಗಳು ಬಂದವು. ಇಶಾಪುರ ಕೂಡ ಲೀ ಎನ್‌ಫೀಲ್ಡ್ ಯಂತ್ರಕ್ಕೆ .315 ನಳಿಗೆ ಕೂರಿಸಿ ಬೇಟೆ ರೈಫಲ್ ಮಾಡಿ ಮಾರಿತು.

ಇಂಚಿನ ನೂರರಲ್ಲೊಂದರಷ್ಟು ಅಂತರ, ಕಾನೂನಿನ ಕಣ್ಣಿಗೆ ಅಜಗಜಾಂತರ. .315 ರೈಫಲ್ ಜಿಲ್ಲಾಧಿಕಾರಿ ಮಟ್ಟದಲ್ಲಿ ಲೈಸನ್ಸ್ ಸಿಗುವ ಸಾಮಾನ್ಯ ವರ್ಗದ್ದು. .303, 7.62 ಮಿಲಿಮೀಟರ್, .410 ಮಸ್ಕೆಟ್ ಇವೆಲ್ಲ ಸೈನ್ಯದ ತೋಟಾ ಹಿಡಿಯುವ, ಜನ ‘ಪ್ರೊಹಿಬಿಟೆಡ್ ಬೋರ್’ ಎನ್ನುವ ವರ್ಗದವು. ಅವುಗಳ ಲೈಸನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ನಿಷೇಧಿತ ಶಸ್ತ್ರವನ್ನು ಲೈಸನ್ಸ್ ಇಲ್ಲದೆ ಇಟ್ಟುಕೊಂಡ ಅಪರಾಧಕ್ಕೆ 2019ರ ತಿದ್ದುಪಡಿಯ ಪ್ರಕಾರ ಏಳರಿಂದ ಹದಿನಾಲ್ಕು ವರ್ಷ ಸೆರೆವಾಸವಿದೆ. ಕೊಡಗಿನ ವಿನಾಯಿತಿಯ ಬಗ್ಗೆ ಎಚ್ಚರಿಸಿದ್ದು ಇದಕ್ಕೇ. ಪತ್ರದಲ್ಲಿ ಆ ಕೋವಿಯ ಅಳತೆ ಏನೆಂದು ಬರೆದಿದೆ ಎನ್ನುವುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಸುಳ್ಳು ಹೇಳುವ ಕೋವಿಗಳು

ವಾಯವ್ಯ ಗಡಿಯಲ್ಲಿ ಕೆಲಸ ಮಾಡಿದ ಹಿರಿಯರ ಪೆಟ್ಟಿಗೆಯಲ್ಲಿ ಇನ್ನೊಂದು ಬಗೆಯ ಕೋವಿ ಸಿಗಬಹುದು. ಖೈಬರ್ ಕಣಿವೆ, ದರ್ರಾ ಆದಂ ಖೇಲ್ ಕಡೆಯ ಕಮ್ಮಾರರು ಅರ ಹಿಡಿದು ಕೈಯಲ್ಲೇ ತೀಡಿ ಮಾಡಿದ ನಕಲು ಅದು. ಅವರ ಕೈಚಳಕ ದೊಡ್ಡದು, ಆದರೆ ಇಂಗ್ಲಿಷ್ ಓದು ಬಾರದು. ಹಾಗಾಗಿ ಅಕ್ಷರಗಳನ್ನು ಚಿತ್ರದಂತೆ ನೋಡಿ ಕೆತ್ತುತ್ತಿದ್ದರು. ‘ಎನ್’ ಅಕ್ಷರ ತಿರುಗುಮುರುಗಾಗಿರುತ್ತದೆ, ಎನ್‌ಫೀಲ್ಡ್ ಹೆಸರಿನ ಕಾಗುಣಿತ ತಪ್ಪಿರುತ್ತದೆ, ಅಂಕಿಗಳು ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಿಚ್ಚಳವಾದ ಸುಳಿವು ರಾಣಿಯ ಅಂಕಿತ. ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ. ಕಿರೀಟದ ಕೆಳಗೆ ಅವಳ ‘ವಿಆರ್’ ಇದ್ದು, ಅದರಡಿ 1907 ಎಂದೋ 1915 ಎಂದೋ ವರ್ಷವಿದ್ದರೆ ಆ ಕೋವಿ ಯಾವ ಸರ್ಕಾರಿ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಇಂಥವುಗಳ ಉಕ್ಕಿಗೆ ಭರವಸೆಯಿಲ್ಲ, ಹೊಡೆಯುವ ಮಾತೇ ಇಲ್ಲ. ಸಂಗ್ರಹದ ವಸ್ತುವಾಗಿ ಮಾತ್ರ ಅವಕ್ಕೊಂದು ಸ್ಥಾನವಿದೆ.

ಎನ್‌ಫೀಲ್ಡ್ ಅಲ್ಲದ್ದೂ ಸಿಗಬಹುದು. ಕುದುರೆಯ ಕೆಳಗೆ ಉದ್ದನೆಯ ಸನ್ನೆಯಿದ್ದು, ಅದನ್ನು ಕೆಳಗೆಳೆದು ಒಂದೊಂದೇ ತೋಟಾ ತುಂಬುವಂತಿದ್ದರೆ 1871ರಲ್ಲಿ ಬಂದ ಮಾರ್ಟಿನಿ ಹೆನ್ರಿ. ಬರ್ಮಾ ರಂಗದಲ್ಲಿ ಕಾದಿ ಬಂದವರ ಮನೆಯಲ್ಲಿ ಜಪಾನಿನ ಅರಿಸಾಕ ಇದ್ದೀತು. ಅದರ ನಳಿಗೆಯ ಬುಡದ ಮೇಲೆ ಹದಿನಾರು ಎಸಳಿನ ಸೇವಂತಿಗೆ ಇರುತ್ತದೆ. ಅದು ಚಕ್ರವರ್ತಿಯ ಲಾಂಛನ. ಜಪಾನ್ ಶರಣಾದ ಮೇಲೆ ಒಪ್ಪಿಸಿದ ರೈಫಲ್‌ಗಳಲ್ಲಿ ಆ ಹೂವನ್ನು ಉಜ್ಜಿ ಅಳಿಸಿರುವುದೇ ಹೆಚ್ಚು. ಹೂವು ಹಾಗೇ ಉಳಿದಿದ್ದರೆ ರಣರಂಗದಲ್ಲೇ ಸಿಕ್ಕಿದ್ದಿರಬಹುದು ಎಂದು ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ.

ಬೆಲೆ ಕಟ್ಟುವ ಬಗೆ

ಬ್ರಿಟನ್, ಅಮೆರಿಕಗಳ ಸಂಗ್ರಾಹಕರು ಮೊದಲು ನೋಡುವುದು ನಂಬರು. ನಳಿಗೆ, ಬೋಲ್ಟಿನ ಹಿಡಿ, ಮೂತಿಯ ಟೋಪಿ, ಹಿಂಗಣ್ಣು, ಮುಂಭಾಗದ ಮರದ ಅಡಿ ಎಲ್ಲ ಕಡೆಯೂ ಒಂದೇ ನಂಬರಿದ್ದರೆ ಕಾರ್ಖಾನೆಯಿಂದ ಹೊರಟಂತೆಯೇ ಉಳಿದಿದೆ ಎಂದು ಲೆಕ್ಕ. ಬೋಲ್ಟಿನ ನಂಬರು ಬೇರೆಯಾದರೆ ಬೆಲೆಯೂ ಇಳಿಯುತ್ತದೆ, ಸುರಕ್ಷತೆಯೂ ಇಳಿಯುತ್ತದೆ. ತೋಟಾವನ್ನು ಹಿಂದಿನಿಂದ ಬಿಗಿಹಿಡಿಯುವುದು ಬೋಲ್ಟ್. ಅದನ್ನು ಆಯಾ ಕೋವಿಗೇ ಹೊಂದಿಸಿರುತ್ತಾರೆ.

ಆಮೇಲೆ ಅಪರೂಪ. ಮಾರ್ಕ್ 3ರ ಹಳೆಯವುಗಳಲ್ಲಿ ಮ್ಯಾಗಜಿನ್ ಮುಚ್ಚುವ ಒಂದು ತಗಡೂ, ಎಡಮಗ್ಗುಲಲ್ಲಿ ಬಹುದೂರದ ಗುರಿಗೆಂದು ಇನ್ನೊಂದು ಜೊತೆ ಕಣ್ಣೂ ಇದ್ದವು. ಯುದ್ಧಕಾಲದಲ್ಲಿ ತಯಾರಿಕೆ ಬೇಗ ಮುಗಿಯಲೆಂದು 1916ರ ಮಾದರಿಯಲ್ಲಿ ಇವನ್ನು ಕೈಬಿಟ್ಟರು, ಹಳೆಯವುಗಳಿಂದಲೂ ರಿಪೇರಿಯಲ್ಲಿ ಕಿತ್ತರು. ಎರಡೂ ಉಳಿದಿರುವ ಕೋವಿಗೆ ಬೇಡಿಕೆ ಹೆಚ್ಚು. ನಂಬರ್ 4ರಲ್ಲಿ ‘ಟಿ’ ಗುರುತಿನ ಸ್ನೈಪರ್ ರೈಫಲ್ ಎಲ್ಲಕ್ಕಿಂತ ಮೇಲೆ. ಅದರ ದುರ್ಬೀನಿನ ನಂಬರನ್ನು ಕೋವಿಯ ಕುತ್ತಿಗೆಯ ಮರದ ಮೇಲೂ ಒತ್ತಿರುತ್ತಾರೆ. ಅದೇ ದುರ್ಬೀನು ಜೊತೆಗಿದ್ದರೆ ಸಾಮಾನ್ಯ ನಂಬರ್ 4ರ ಹಲವು ಪಟ್ಟು ಬೆಲೆ.

ಬೆಲೆ ಕಳೆಯುವ ಕೆಲಸ ಮಾತ್ರ ನಮ್ಮ ಕೈಯಿಂದಲೇ ಆಗುತ್ತದೆ. ಹಗುರವಾಗಲೆಂದು ಮುಂಭಾಗದ ಮರ ಕತ್ತರಿಸುವುದು, ನಳಿಗೆ ಮೊಟಕು ಮಾಡುವುದು, ಮರಳುಕಾಗದ ಹಾಕಿ ಉಜ್ಜಿ ವಾರ್ನಿಷ್ ಬಳಿಯುವುದು, ಫಳಫಳ ಹೊಳೆಯಲೆಂದು ಪಾಲಿಷ್ ಚಕ್ರಕ್ಕೆ ಹಿಡಿಯುವುದು. ಮರದ ಮೇಲಿನ ಮುದ್ರೆ ಒಮ್ಮೆ ಅಳಿಸಿದರೆ ಮತ್ತೆ ಬಾರದು. ಹಳೆಯ ತಾಮ್ರಶಾಸನದ ಅಕ್ಷರ ಅಳಿಸಿ ತಾಮ್ರವನ್ನಷ್ಟೇ ಬೆಳಗಿದಂತೆ ಅದು. ಮೃದು ಬಟ್ಟೆ, ಕೋವಿ ಎಣ್ಣೆ, ಮರಕ್ಕೆ ತುಸು ಅಗಸೆ ಎಣ್ಣೆ ಇಷ್ಟು ಸಾಕು. ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೋ ಆಯುಧಪೂಜೆಗೋ ಕೋವಿಯನ್ನು ಪೂಜೆಗಿಡುವವರು ಒಂದು ಕೆಲಸ ತಪ್ಪದೆ ಮಾಡಬೇಕು. ನಳಿಗೆಯ ಬಾಯಿಗೆ ಸಿಕ್ಕಿಸಿದ ‘ತೋಕ್ ಪೂ’ ಎಂಬ ಹೂವನ್ನು ಪೂಜೆ ಮುಗಿದ ಕೂಡಲೇ ತೆಗೆದು, ಅರಿಸಿನ ಕುಂಕುಮದ ತೇವ ಒರೆಸಿ, ಎಣ್ಣೆಬಟ್ಟೆ ಹಾಯಿಸಬೇಕು. ಹಸಿ ಹೂವಿನ ನೀರು ಒಂದೇ ರಾತ್ರಿಯಲ್ಲಿ ನಳಿಗೆಯ ತುದಿಗೆ ತುಕ್ಕು ತರುತ್ತದೆ.

ಇನ್ನು ನಮ್ಮ ನೆಲದ ವಾಸ್ತವ. ವಿದೇಶದ ಹರಾಜಿನ ಅಂಕಿ ನೋಡಿ ಡಾಲರನ್ನು ರೂಪಾಯಿಗೆ ಗುಣಿಸುವುದು ಹುಸಿ ಲೆಕ್ಕ. ಇಲ್ಲಿ ಕೋವಿಯನ್ನು ಕೊಳ್ಳಬಲ್ಲವರು ಆ ವರ್ಗದ ಲೈಸನ್ಸ್ ಇರುವವರು ಮಾತ್ರ. ಮಾರುವ ಮುನ್ನ ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವಾದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದೆ, ದೇಶದ ಹೊರಗೆ ಕಳಿಸುವಂತಿಲ್ಲ. ದುರಸ್ತಿ ಮಾಡಿದರೂ ಹಾರದ, ಕಾಲಬಾಹಿರವಾದ ಕೋವಿಗೆ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಸೆಕ್ಷನ್ನಿನಲ್ಲಿ ರಿಯಾಯಿತಿಯಿದೆ. ಆದರೆ ಅದು ಹಾರದು ಎಂದು ಮನೆಯವರೇ ತೀರ್ಮಾನಿಸಿಕೊಂಡು ಗೋಡೆಗೆ ತೂಗುಹಾಕುವುದು ಸರಿಯಲ್ಲ, ಅಧಿಕಾರಿಗಳಿಂದ ಬರಹದಲ್ಲಿ ಪಡೆಯಬೇಕು. ಒಟ್ಟಾರೆ ಹೇಳುವುದಾದರೆ ಒಳ್ಳೆಯ ಸ್ಥಿತಿಯ .315ಕ್ಕೆ ಇಲ್ಲಿ ಕೊಳ್ಳುವವರು ಸಿಗುತ್ತಾರೆ, ನಿಜವಾದ .303ಕ್ಕೆ ಬಹುತೇಕ ಸಿಗುವುದಿಲ್ಲ. ಇತಿಹಾಸ ಹೆಚ್ಚಿರುವ ಕೋವಿಗೇ ಇಲ್ಲಿ ದುಡ್ಡು ಕಡಿಮೆ.

ಆ ಇತಿಹಾಸಕ್ಕೆ ಆಧಾರ ಕೂಡಿಸುವುದು ಮನೆಯವರ ಕೈಯಲ್ಲೇ ಇದೆ. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ಹಳೆಯ ಲೈಸನ್ಸ್, ಸಮವಸ್ತ್ರದ ಫೋಟೊ, ಪಿಂಚಣಿ ಕಾಗದ ಒಂದು ಕಡೆ ಸೇರಿಸಿ. ಪದಕಗಳಿದ್ದರೆ ಅವುಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎರಡನೆಯ ಮಹಾಯುದ್ಧದ ಪದಕಗಳನ್ನು ಬ್ರಿಟನ್ ತನ್ನ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟಿತು. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ನಂಬರು, ಹೆಸರು, ದಳ ಕೆತ್ತಿರುತ್ತದೆ. ‘ಅಜ್ಜ ಬರ್ಮಾದಿಂದ ತಂದದ್ದು’ ಎಂಬ ಮಾತು ದಾಖಲೆಯಿಲ್ಲದಿದ್ದರೆ ಬರಿ ಮಾತು. ಅಜ್ಜನ ದಳ ಬರ್ಮಾದಲ್ಲಿತ್ತು ಎಂದು ತೋರಿಸುವ ಕಾಗದ ಜೊತೆಗಿದ್ದರೆ ಯಾವ ವಸ್ತುಸಂಗ್ರಹಾಲಯವೂ ಕಿವಿಗೊಡುತ್ತದೆ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮನೆಯಲ್ಲಿ ಇಟ್ಟುಕೊಳ್ಳಲಾಗದ, ಮಾರಲೂ ಆಗದ ಕೋವಿಯನ್ನು ಠಾಣೆಯ ಕೊಠಡಿಯಲ್ಲಿ ತುಕ್ಕು ಹಿಡಿಯಲು ಬಿಡುವ ಬದಲು ಇಂಥ ಸಂಸ್ಥೆಯೊಂದನ್ನು, ಇಲ್ಲವೇ ಹಿರಿಯರು ಇದ್ದ ರೆಜಿಮೆಂಟಿನ ಕೇಂದ್ರವನ್ನು, ಜಿಲ್ಲಾಧಿಕಾರಿಯ ಮೂಲಕ ಕೇಳಿನೋಡುವುದು ಒಳ್ಳೆಯದು.

ಹಾಗಾಗಿ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಇಂಥ ರೈಫಲ್ ಇದ್ದು ಲೈಸನ್ಸುದಾರರು ಈಗಿಲ್ಲದಿದ್ದರೆ, ಈ ವಾರವೇ ಠಾಣೆಗೆ ತಿಳಿಸಿ ರಸೀದಿ ಪಡೆಯಿರಿ. ಒಪ್ಪಿಸುವ ಮುನ್ನ ಪ್ರತಿ ಗುರುತಿನ ಫೋಟೊ ತೆಗೆದು, ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಲೈಸನ್ಸುದಾರರು ಇನ್ನೂ ಇದ್ದರೆ ಆ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕೂತು, ಕೋವಿ ಎಲ್ಲಿಂದ ಬಂತು ಎಂದು ಕೇಳಿ ಅವರ ಮಾತಿನಲ್ಲೇ ಬರೆದು ಸಹಿ ಹಾಕಿಸಿಕೊಳ್ಳಿ.